ಮರುಪೂರಣ ಬಾವಿಯ ಮಾಡೆಲ್‌ನಲ್ಲಿ ಉಪ್ಪುನೀರು ಯಾಕೆ ಕಾಣುತ್ತಿಲ್ಲ?

ಕರಾವಳಿಯ ಅಂತರ್ಜಲದ ಕಂಪ್ಯೂಟರ್ ಮಾಡೆಲ್‌ನಲ್ಲಿ ಮರುಪೂರಣ ಬಾವಿ (ನೆಲದೊಳಗೆ ನೀರು ಇಳಿಸುವ ಬಾವಿ) ಹಾಕಿದರೆ ನೀರಿನ ಮಟ್ಟ ಏರುತ್ತದೆ, ಆದರೆ ಉಪ್ಪುನೀರು ಎಷ್ಟು ಹಿಂದೆ ಸರಿಯಿತು ಅಂತ ಗೊತ್ತಾಗುತ್ತಿಲ್ಲ ಅಂದಿದ್ದೀರಿ. ಅಂತರ್ಜಲದ ಹರಿವನ್ನು ಲೆಕ್ಕ ಹಾಕುವ ಮಾಡ್‌ಫ್ಲೋ ತಂತ್ರಾಂಶವನ್ನು ಬರೀ ಹಾಗೇ ಓಡಿಸಿದರೆ ಗೊತ್ತಾಗುವುದೂ ಇಲ್ಲ. ಅದಕ್ಕೆ ಎಲ್ಲ ನೀರಿನ ತೂಕವೂ ಒಂದೇ. ನಿಜದಲ್ಲಿ ಸಿಹಿನೀರು ಲೀಟರಿಗೆ ಸುಮಾರು 1,000 ಗ್ರಾಂ, ಸಮುದ್ರದ ನೀರು 1,025. ಇಷ್ಟೇ ವ್ಯತ್ಯಾಸದಿಂದ, ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ನಿಂತ ಸಿಹಿನೀರು ಕೆಳಗೆ ಸುಮಾರು 40 ಮೀಟರ್‌ವರೆಗೆ ಉಪ್ಪನ್ನು ತಡೆಯುತ್ತದೆ. ಆದರೆ ಇದು ಎಲ್ಲ ಸಮತೋಲನಕ್ಕೆ ಬಂದ ಮೇಲಿನ ಲೆಕ್ಕ. ಮಟ್ಟ ಬೇಗ ಏರುತ್ತದೆ, ಉಪ್ಪು ಸರಿಯಲು ವರ್ಷಗಳೇ ಹಿಡಿಯುತ್ತವೆ.

ಈ ತೂಕದ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ಸೀವಾಟ್ ತಂತ್ರಾಂಶ ಬಳಸಿ. ಮಾಡ್‌ಫ್ಲೋ 6 ಆದರೆ ಬಾಯನ್ಸಿ ಪ್ಯಾಕೇಜ್ (ಇದೇ ತೂಕದ ವ್ಯತ್ಯಾಸವನ್ನು ಸೇರಿಸುವ ಭಾಗ) ಜೊತೆ ಉಪ್ಪಿನ ಸಾಗಣೆಯನ್ನೂ ಸೇರಿಸಿ. ಒಂದೇ ಪದರ ಸಾಲದು, ಉಪ್ಪಿನ ಬೆಣೆ (ಸಿಹಿನೀರಿನ ಕೆಳಗೆ ಒಳನಾಡಿನ ಕಡೆ ನುಗ್ಗಿದ ಉಪ್ಪುನೀರು) ಕಾಣಲು ಲಂಬವಾಗಿ ಹಲವು ಪದರ ಬೇಕು. ಸೆಲ್ (ಮಾಡೆಲ್‌ನ ಒಂದೊಂದು ಚೌಕ) ಉದ್ದ ಡಿಸ್ಪರ್ಸಿವಿಟಿಯ (ನೀರು ಹರಿಯುವಾಗ ಉಪ್ಪು ಎಷ್ಟು ಹರಡುತ್ತದೆ ಎಂಬ ಅಳತೆ, ಮೀಟರ್‌ನಲ್ಲಿ) ಎರಡು ಪಟ್ಟು ಮೀರದಿರಲಿ. ಇಲ್ಲದಿದ್ದರೆ ಸಿಹಿನೀರು-ಉಪ್ಪುನೀರಿನ ಗಡಿ ಸುಮ್ನೆ ಮಸುಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಇಂದಿನ ಉಪ್ಪಿನ ಹರವು ಸರಿಯಿರಬೇಕು. ಮೊದಲು ಪಂಪಿಂಗ್ ಇಲ್ಲದೆ ಸ್ಥಿರವಾಗುವವರೆಗೆ ಓಡಿಸಿ, ಆಮೇಲೆ ಹಳೆಯ ಪಂಪಿಂಗ್ ಕೊಟ್ಟು ಇಂದಿಗೆ ತನ್ನಿ, ನಂತರವೇ ಮರುಪೂರಣ. ಮಾಡೆಲನ್ನು ನಿಜದ ಅಳತೆಗಳಿಗೆ ಹೊಂದಿಸಲು ನೀರಿನ ಮಟ್ಟದ ಜೊತೆ ಬೇರೆ ಬೇರೆ ಆಳದ ಲವಣಾಂಶವೂ ಬೇಕು. ಬಾವಿಯನ್ನು ಬೆಣೆಯ ಒಳನಾಡಿನ ಕಡೆಯ ತುದಿಯ ಹತ್ತಿರವೇ ಇಟ್ಟು ನೋಡಿ. ಸಮುದ್ರದ ಕಡೆಗೆ ಜಾಸ್ತಿ ಹೋದರೆ ಹಾಕಿದ ನೀರು ಹೆಚ್ಚಾಗಿ ಸಮುದ್ರ ಸೇರುತ್ತದೆ.