ಬ್ರೌಸರ್ ಮುಚ್ಚಿದ್ದರೂ ಪರದೆಯ ಮೂಲೆಯಲ್ಲಿ ‘ವೈರಸ್ ಇದೆ’ ಎಂಬ ಸಂದೇಶ ಬರುತ್ತಿದೆ, ನಿಲ್ಲಿಸುವುದು ಹೇಗೆ?

ಬಹುತೇಕ ಇದು ವೈರಸ್ ಅಲ್ಲ, ನೋಟಿಫಿಕೇಶನ್ (ಪರದೆಯ ಮೂಲೆಯ ಸಂದೇಶ) ಕಳಿಸಲು ಯಾವುದೋ ಜಾಲತಾಣಕ್ಕೆ ನೀವೇ ಕೊಟ್ಟಿರುವ ಅನುಮತಿ. ‘ನೀವು ರೋಬೋಟ್ ಅಲ್ಲದಿದ್ದರೆ ಅಲೋ ಒತ್ತಿ’ ಎಂದು ನಂಬಿಸಿ ಇಂಥ ತಾಣಗಳು ಒತ್ತಿಸಿಕೊಂಡಿರುತ್ತವೆ. ಪಾಪ್‌ಅಪ್ ಬ್ಲಾಕರ್ ಇಲ್ಲಿ ಕೆಲಸಕ್ಕೆ ಬಾರದು. ಅದು ತಡೆಯುವುದು ಹೊಸದಾಗಿ ತೆರೆಯುವ ಕಿಟಕಿಗಳನ್ನು, ನೋಟಿಫಿಕೇಶನ್‌ಗಳನ್ನಲ್ಲ.

ಸಂದೇಶದೊಳಗೆ ಎಲ್ಲೂ ಕ್ಲಿಕ್ ಮಾಡಬೇಡಿ. ಅದರಲ್ಲಿ ಬ್ರೌಸರಿನ ಹೆಸರಿನ ಜೊತೆ ತಾಣದ ವಿಳಾಸವೂ ಸಣ್ಣಕ್ಷರದಲ್ಲಿರುತ್ತದೆ, ಗುರುತು ಹಾಕಿಕೊಳ್ಳಿ. ಕ್ರೋಮ್‌ನಲ್ಲಿ ಬಲ ಮೇಲ್ತುದಿಯ ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಹೀಗೆ ಹೋಗಿ. ಅನುಮತಿ ಪಡೆದ ತಾಣಗಳ ಪಟ್ಟಿ ಕೆಳಗೆ ಸಿಗುತ್ತದೆ. ಆ ತಾಣದ ಮುಂದಿನ ಚುಕ್ಕಿಗಳನ್ನು ಒತ್ತಿ ಬ್ಲಾಕ್ ಮಾಡಿ. ಬರೀ ರಿಮೂವ್ ಮಾಡಿದರೆ ಮುಂದೆ ಅದೇ ತಾಣ ಮತ್ತೆ ಕೇಳಬಹುದು. ಅಲ್ಲೇ ಮೇಲೆ, ಯಾವ ತಾಣವೂ ಅನುಮತಿ ಕೇಳದಂತೆ ಮಾಡುವ ಆಯ್ಕೆಯೂ ಇದೆ. ಮನೆಯಲ್ಲಿ ಹಿರಿಯರು, ಮಕ್ಕಳು ಬಳಸುವ ಕಂಪ್ಯೂಟರ್ ಆದರೆ ಅದೇ ಒಳ್ಳೆಯದು.

ಬ್ರೌಸರ್ ಮುಚ್ಚಿದ ಮೇಲೂ ಬರುವುದಕ್ಕೆ ಕಾರಣ ಅದು ಹಿನ್ನೆಲೆಯಲ್ಲಿ ಓಡುತ್ತಿರುವುದು. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಬ್ಯಾಕ್‌ಗ್ರೌಂಡ್ ಆ್ಯಪ್ಸ್ ಸ್ವಿಚ್ ಆಫ್ ಮಾಡಿ.

ಇಷ್ಟಾದರೂ ನಿಲ್ಲದಿದ್ದರೆ ನೀವು ಹಾಕಿಕೊಳ್ಳದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಇದ್ದರೆ ತೆಗೆದುಹಾಕಿ, ವಿಂಡೋಸ್ ಸೆಕ್ಯುರಿಟಿಯಲ್ಲಿ ಫುಲ್ ಸ್ಕ್ಯಾನ್ ಮಾಡಿ. ಸಂದೇಶದಲ್ಲಿರುವ ಫೋನ್ ನಂಬರಿಗೆ ಮಾತ್ರ ಕರೆ ಮಾಡಲೇಬೇಡಿ.