ಟಿವಿಯ ಟೈಮ್ ನೋಡಿ ರಿಟರ್ನ್ ಟಿಕೆಟ್ ಮಾಡಿಸು

ತಮ್ಮಾ,

ಗೋರೆಗಾಂವ್‌ನಲ್ಲಿ ಕೆಲಸ ಸಿಕ್ಕಿದ್ದು ಓದಿ ಖುಷಿಯಾಯಿತು. ರೂಮು ಎಲ್ಲಿ ಮಾಡಲಿ, ಊಟಕ್ಕೇನು, ಮರಾಠಿ ಬರದಿದ್ದರೆ ಕಷ್ಟವಾ ಅಂತೆಲ್ಲ ಕೇಳಿದ್ದೀಯ. ಕೊನೆಗೆ ಇನ್ನೊಂದು ಕೇಳಿದ್ದೀಯ: 'ಅಕ್ಕಾ, ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗಿ ಬೆಳೆದವನು ನಾನು. ಮುಂಬೈಯಲ್ಲಿದ್ದುಕೊಂಡು ಬೆಂಗಳೂರು ಎಫ್‌ಸಿಯ ಫುಟ್‌ಬಾಲ್ ಮ್ಯಾಚ್‌ಗಳಿಗೆ ಹೋಗೋಕಾಗುತ್ತಾ?'

ಮೊದಲಿನವು ಬೇಗ ಮುಗಿಸುತ್ತೇನೆ. ಜೋಗೇಶ್ವರಿ ಇಲ್ಲ ಅಂಧೇರಿ ಕಡೆ ಯಾರ ಜೊತೆಗಾದರೂ ಸೇರಿ ರೂಮು ಮಾಡು. ಊಟದ ಚಿಂತೆ ಬೇಡ, ಉಡುಪಿ ಹೋಟೆಲು ಎಲ್ಲ ಕಡೆ ಇದೆ. ಮನೆ ನೆನಪಾದರೆ ಭಾನುವಾರ ನಮ್ಮ ಕಡೆಯವರಿರುವ ಮಾಟುಂಗಾಕ್ಕೆ ಹೋಗಿ ಬಾ. ಹಿಂದಿಯಲ್ಲಿ ಕೆಲಸ ನಡೆಯುತ್ತದೆ. ಮರಾಠಿ ಕಲಿತರೆ ಮರ್ಯಾದೆ ಜಾಸ್ತಿ. ಅಷ್ಟೇ.

ನಾನು ಬೆಂಗಳೂರಿನ ಆಸ್ಟಿನ್ ಟೌನ್‌ನಿಂದ ಇಲ್ಲಿಗೆ ಬಂದದ್ದು 2016ರಲ್ಲಿ. ಮಾತಾಡಲು ಯಾರೂ ಇರಲಿಲ್ಲ. ಕೂಪರೇಜ್ ಮೈದಾನದಲ್ಲಿ ಮುಂಬೈ ಎಫ್‌ಸಿ ಮೇಲೆ ನಮ್ಮವರ ಆಟವಿದೆ ಅಂತ ಗೊತ್ತಾಗಿ ಒಬ್ಬಳೇ ಹೋದೆ. ನೀಲಿ ಅಂಗಿಯವರು ಒಂದು ಮೂಲೆಯಲ್ಲಿ ಕನ್ನಡದಲ್ಲಿ ಕೂಗುತ್ತಿದ್ದರು. ಹೋಗಿ ಅವರ ಪಕ್ಕ ನಿಂತೆ. ಈ ಊರಲ್ಲಿ ನನಗೆ ಸಿಕ್ಕ ಮೊದಲ ಗೆಳೆಯರು ಅವರೇ. ನಮ್ಮೂರಿನವರು ಇಲ್ಲಿಗೆ ಬಂದು ಆಡುವುದು ಹೊಸದೇನಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. ಯಾರಾದರೂ 'ಬೆಂಗಳೂರಿಗೂ ಫುಟ್‌ಬಾಲ್‌ಗೂ ಏನು ಸಂಬಂಧ' ಅಂದರೆ ಇದನ್ನು ಹೇಳು.

ಈಗ ನಿನ್ನ ಪ್ರಶ್ನೆ. ಹೋಗಬಹುದು. ಅಂಧೇರಿಯ ಮುಂಬೈ ಫುಟ್‌ಬಾಲ್ ಅರೆನಾ ನಿನಗೆ ಹತ್ತಿರ, ಆಜಾದ್ ನಗರ ಮೆಟ್ರೋದಲ್ಲಿ ಇಳಿದರೆ ಸಾಕು. ಅಲ್ಲಿ ಆಡುವ ಮುಂಬೈ ಸಿಟಿ ತಂಡದವರ ಅಂಗಿಯೂ ನೀಲಿಯೇ, ತಿಳಿ ನೀಲಿ. ಯಾವ ಗೇಟು ಅಂತ ಕೇಳಿಕೊಂಡೇ ಒಳಗೆ ಹೋಗು. ಕಷ್ಟ ಇರುವುದು ದೂರದಲ್ಲಲ್ಲ, ಹೊತ್ತಿನಲ್ಲಿ.

ಐಎಸ್‌ಎಲ್‌ನಲ್ಲಿ, ಅಂದರೆ ನಮ್ಮವರು ಆಡುವ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಆಟ ಯಾವಾಗ ಅನ್ನುವುದನ್ನು ಟಿವಿಯ ಅನುಕೂಲ ನೋಡಿಕೊಂಡು ಇಡುತ್ತಾರೆ. ಜನ ಕೆಲಸ ಮುಗಿಸಿ ಮನೆಗೆ ಬಂದು ಟಿವಿ ಹಾಕುವ ಹೊತ್ತು ಬೇಕು. ಒಂದೇ ದಿನ ಎರಡು ಆಟವಿದ್ದರೆ ಒಂದಾದ ಮೇಲೆ ಒಂದು ತೋರಿಸಬೇಕು. ಅದಕ್ಕೇ ಸಂಜೆ 5 ಅಥವಾ 5:30ಕ್ಕೆ ಒಂದು, ರಾತ್ರಿ 7:30ಕ್ಕೆ ಇನ್ನೊಂದು. 2023–24ರಲ್ಲಂತೂ ರಾತ್ರಿಯ ಆಟ 8 ಗಂಟೆಗೆ ಹೋಯಿತು. ಮುಗಿಯುವಷ್ಟರಲ್ಲಿ ಹತ್ತು. ಮನೆಯಲ್ಲಿ ಕೂತವರು ಟಿವಿ ಆರಿಸಿ ಮಲಗುತ್ತಾರೆ. ಬೇರೆ ಊರಿಂದ ಬಂದವರು ಎಲ್ಲಿಗೆ ಹೋಗಬೇಕು?

ಫತೋರ್ಡಾದ್ದೇ ನೋಡು. ಗೋವಾದ ಸ್ಟೇಡಿಯಂ ಮಡಗಾಂವ್ ಸ್ಟೇಷನ್‌ಗೆ ಹತ್ತಿರವೇ. ಆದರೆ ಮುಂಬೈಗೆ ವಾಪಸ್ ಬರುವ ಕೊಂಕಣ ಕನ್ಯಾ ರೈಲು ಸಂಜೆಯೇ ಹೊರಡುತ್ತದೆ, 7:30ರ ಆಟ ಶುರುವಾಗುವ ಮುಂಚೆ. ಮುಂಚೆಯೇ ಟಿಕೆಟ್ ಮಾಡೋಣ ಅಂದರೆ ವೇಳಾಪಟ್ಟಿಯನ್ನೇ ಅರ್ಧರ್ಧವಾಗಿ ಬಿಡುತ್ತಾರೆ. ರೈಲಿನ ಬುಕಿಂಗ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು. ಪಟ್ಟಿ ನಮ್ಮ ಕೈಗೆ ಬರುವಷ್ಟರಲ್ಲಿ ಶನಿವಾರ, ಭಾನುವಾರದ ಸೀಟೆಲ್ಲ ವೇಟಿಂಗ್. 2024ರ ನವೆಂಬರ್‌ನಿಂದ ಅದು 60 ದಿನವಾಗಿದೆ, ಸ್ವಲ್ಪ ಉಸಿರಾಡಬಹುದು.

ಅಣ್ಣನ ವಿಷಯ ಹೇಳಲೇಬೇಕು. ನನಗೆ ಫುಟ್‌ಬಾಲ್ ಹುಚ್ಚು ಹಿಡಿಸಿದವನು ಅವನು. 2018ರ ಫೈನಲ್ ನಮ್ಮ ಕಂಠೀರವದಲ್ಲೇ ನಡೆದು ಚೆನ್ನೈಯಿನ್‌ಗೆ 3–2ರಲ್ಲಿ ಸೋತಾಗ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಮುಂದಿನ ವರ್ಷ ಮತ್ತೆ ಫೈನಲ್, ಎಫ್‌ಸಿ ಗೋವಾ ಮೇಲೆ, ನಾನಿರುವ ಅಂಧೇರಿಯಲ್ಲಿ. 2019ರ ಮಾರ್ಚ್ 17, ಭಾನುವಾರ, ರಾತ್ರಿ 7:30. ಅಣ್ಣನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಸೋಮವಾರ ಬೆಳಿಗ್ಗೆ ಆರಕ್ಕೆ ಫಸ್ಟ್ ಶಿಫ್ಟ್. ರಜೆ ಕೊಡಲಿಲ್ಲ. ಆಟ ಮುಗಿಸಿಕೊಂಡು ಹೋಗಬಹುದು ಅಂತ ರಾತ್ರಿ ಹನ್ನೊಂದರ ಹತ್ತಿರದ ವಿಮಾನ ಮಾಡಿಸಿದ್ದ.

ತೊಂಬತ್ತು ನಿಮಿಷ ಮುಗಿದರೂ 0–0. ಎಕ್ಸ್‌ಟ್ರಾ ಟೈಮ್, ಅಂದರೆ ಇನ್ನೂ ಮೂವತ್ತು ನಿಮಿಷ. ಅಣ್ಣ ಗಡಿಯಾರ ನೋಡಿದ, ಮೈದಾನ ನೋಡಿದ, ಏನೂ ಹೇಳದೆ ಎದ್ದು ಹೋದ. 117ನೇ ನಿಮಿಷಕ್ಕೆ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಒಳಗೆ ಹೋಯಿತು. ನಮ್ಮ ಮೊದಲ ಐಎಸ್‌ಎಲ್ ಕಪ್. ಸುತ್ತ ಎಲ್ಲರೂ ತಬ್ಬಿಕೊಂಡು ಅಳುತ್ತಿದ್ದರು. ನಾನು ಅಣ್ಣನಿಗೆ ಫೋನ್ ಹಚ್ಚಿದೆ. ಅವನು ಏರ್‌ಪೋರ್ಟ್‌ನ ಸೆಕ್ಯೂರಿಟಿ ಸಾಲಿನಲ್ಲಿದ್ದ. ಗದ್ದಲ ಕೇಳಿಸಿಯೇ ಅವನಿಗೆ ಗೊತ್ತಾಯಿತು. ಆ ಗೋಲನ್ನು ಅವನು ನೋಡಿದ್ದು ಮೊಬೈಲ್‌ನಲ್ಲಿ. ಮಧ್ಯಾಹ್ನ ನಾಲ್ಕಕ್ಕೆ ಆಟ ಇಟ್ಟಿದ್ದರೆ ನನ್ನ ಪಕ್ಕದಲ್ಲೇ ಇರುತ್ತಿದ್ದ. ಅದು ನನಗೆ ಈಗಲೂ ಸಂಕಟ. ಕಪ್ ಗೆದ್ದ ಫೋಟೋಗಳಲ್ಲಿ ಅವನಿಲ್ಲ.

ಆಮೇಲೆ ಎರಡು ಸೀಸನ್, 2020–21 ಮತ್ತು 2021–22, ಕೊರೊನಾ ಕಾರಣಕ್ಕೆ ಎಲ್ಲ ಆಟಗಳೂ ಗೋವಾದಲ್ಲೇ ನಡೆದವು, 2022ರ ಫೈನಲ್ ಬಿಟ್ಟರೆ ಸ್ಟ್ಯಾಂಡ್ ಖಾಲಿ. ಟಿವಿಯಲ್ಲಿ ಲೀಗ್ ನಡೆಯಿತು. ಆ ಎರಡು ಸೀಸನ್ ನೋಡಿದ ಮೇಲೆ, ನಾವಿಲ್ಲದೆಯೂ ಆಗುತ್ತದೆ ಅಂತ ಲೀಗ್‌ನವರಿಗೆ ಅನ್ನಿಸಬಾರದು ಅನ್ನುವುದೇ ನನ್ನ ಆಸೆ. ಜರ್ಮನಿಯ ಅಭಿಮಾನಿಗಳು ಸುಮ್ನೆ ಕೂರಲಿಲ್ಲ. ಸೋಮವಾರ ರಾತ್ರಿಯ ಆಟಗಳನ್ನು ವಿರೋಧಿಸಿ 2018ರಲ್ಲಿ ಫ್ರಾಂಕ್‌ಫರ್ಟ್‌ನವರು ಮೈದಾನಕ್ಕೆ ಟೆನಿಸ್ ಚೆಂಡು ಎಸೆದರು. ಡಾರ್ಟ್‌ಮಂಡ್‌ನಲ್ಲಿ ಸಾವಿರಾರು ಜನ ಆಟಕ್ಕೇ ಬರಲಿಲ್ಲ. 2021–22ರಿಂದ ಅಲ್ಲಿನ ಲೀಗ್ ಬುಂಡೆಸ್‌ಲೀಗಾದಲ್ಲಿ ಸೋಮವಾರದ ಆಟ ನಿಂತಿತು. ಚೆಂಡು ಎಸೆಯುವುದು ಬೇಡ. ಆದರೆ ಹೊತ್ತಿನ ವಿಷಯ ಬಂದಾಗಲೆಲ್ಲ ಕ್ಲಬ್ಬಿಗೆ ಬರೆ. ಎಲ್ಲರೂ ಬರೆಯಬೇಕು.

ಆದ್ದರಿಂದ ನನ್ನ ಮಾತು ಒಂದೇ: ರಾತ್ರಿ ಆಟವಿದ್ದರೆ ಅದೇ ರಾತ್ರಿಗೆ ವಾಪಸ್ ಟಿಕೆಟ್ ಮಾಡಿಸಬೇಡ, ಎಕ್ಸ್‌ಟ್ರಾ ಟೈಮ್ ಬರಬಹುದಾದ ನಾಕೌಟ್‌ಗಂತೂ ಬೇಡವೇ ಬೇಡ. ಮರುದಿನಕ್ಕೆ ಮಾಡಿಸು, ರಜೆ ಮೊದಲೇ ಕೇಳು. 2023ರ ಮಾರ್ಚ್‌ನಲ್ಲಿ ಫತೋರ್ಡಾದ ಫೈನಲ್‌ಗೆ ನಾವಿಬ್ಬರೂ ಹೀಗೇ ಹೋದೆವು. ಅದು ಶನಿವಾರ ಬಿದ್ದಿತ್ತು, ಪುಣ್ಯ. ಎಟಿಕೆ ಮೋಹನ್ ಬಾಗಾನ್ ಜೊತೆ 2–2, ಪೆನಾಲ್ಟಿಯಲ್ಲಿ 4–3ಕ್ಕೆ ಸೋತೆವು. ಆದರೆ ಕೊನೆಯ ಒದೆತದವರೆಗೂ ಅಣ್ಣ ನನ್ನ ಕೈ ಹಿಡಿದು ನಿಂತಿದ್ದ.

ಕಂಠೀರವಕ್ಕೆ ಬೇಕಾದರೆ ಶನಿವಾರದ ಆಟಗಳನ್ನೇ ಆರಿಸಿಕೋ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಹೆಚ್ಚುಕಮ್ಮಿ ಒಂದು ದಿನವೇ ಬೇಕು, ಭಾನುವಾರ ರಾತ್ರಿ ಆಟ ನೋಡಿ ಸೋಮವಾರ ಆಫೀಸಿಗೆ ಬರುವ ಮಾತಿಲ್ಲ. ಅಂಧೇರಿಯಲ್ಲಿ ರಾತ್ರಿ ತಡವಾದರೆ ಹೆದರಬೇಡ, ಒಂದು ಗಂಟೆ ಹತ್ತಿರದವರೆಗೂ ಲೋಕಲ್ ಇರುತ್ತದೆ. ಪಟ್ಟಿ ಬಂದ ದಿನವೇ ನನಗೆ ತಿಳಿಸು. ಫತೋರ್ಡಾಕ್ಕೆ ನಾಲ್ಕು ಜನ ಸೇರಿದರೆ ಮಡಗಾಂವ್‌ನಲ್ಲಿ ರೂಮು ನಾನು ಮಾಡಿಸುತ್ತೇನೆ.