ಪ್ರತಿಕ್ರಿಯೆ: ಪ್ಲಸ್ ಗಾಜು, ಮೈನಸ್ ಗಾಜು

ನಿಮ್ಮ ಮಗಳ ಕನ್ನಡಕದ ನಂಬರ್ ಮೈನಸ್ 2.5, ನಿಮಗೆ ಓದಲು ಪ್ಲಸ್ 2. ಎರಡೂ ಗಾಜೇ, ಕೆಲಸ ಯಾಕೆ ಬೇರೆ ಅಂತ ಕೇಳಿದ್ದೀರಿ ಸರ್.

ಹಗಲು ಹೊತ್ತು ಕಿಟಕಿಯ ಎದುರಿನ ಗೋಡೆಯಿಂದ ಅರ್ಧ ಮೀಟರ್ ದೂರಕ್ಕೆ ನಿಮ್ಮ ಕನ್ನಡಕ ಹಿಡಿಯಿರಿ. ಸ್ವಲ್ಪ ಹಿಂದೆ ಮುಂದೆ ಸರಿಸಿ. ಕಿಟಕಿ ತಲೆಕೆಳಗಾಗಿ ಗೋಡೆ ಮೇಲೆ ಮೂಡುತ್ತದೆ, ಸರಳುಗಳ ಸಮೇತ! ಪ್ಲಸ್ ಗಾಜಿನ ನಡು ದಪ್ಪ. ಬೆಳಕನ್ನು ಒಳಕ್ಕೆ ಬಗ್ಗಿಸಿ ಒಂದೆಡೆ ಸೇರಿಸುತ್ತದೆ. ಎಷ್ಟು ದೂರದಲ್ಲಿ? 1 ಮೀಟರನ್ನು ನಿಮ್ಮ ನಂಬರ್ 2ರಿಂದ ಭಾಗಿಸಿ, 50 ಸೆಂ.ಮೀ. ಪವರ್ ಅಂದರೆ ಇಷ್ಟೇ ಲೆಕ್ಕ. ಕಿಟಕಿ ಹತ್ತಿರವಿದ್ದರೆ ದೂರ ಸ್ವಲ್ಪ ಜಾಸ್ತಿಯಾಗುತ್ತದೆ.

ಮಗಳ ಕನ್ನಡಕದಲ್ಲಿ ಏನೇ ಸರ್ಕಸ್ ಮಾಡಿದರೂ ಚಿತ್ರ ಮೂಡುವುದಿಲ್ಲ. ಅದರ ಅಂಚು ದಪ್ಪ, ನಡು ತೆಳು, ಬೆಳಕನ್ನು ಹರಡುತ್ತದೆ. ಮೈನಸ್ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಕೊಂಚ ಉದ್ದ. ದೂರದ ಚಿತ್ರ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಗಾಜು ಅದನ್ನು ಹಿಂದಕ್ಕೆ ತಳ್ಳುತ್ತದೆ. ಕನ್ನಡಕ ತೆಗೆದರೆ ಅವಳಿಗೆ ಸುಮಾರು 40 ಸೆಂ.ಮೀ.ವರೆಗೆ ಮಾತ್ರ ಸ್ಪಷ್ಟ.

ನನ್ನದೂ ಅದೇ ನಂಬರ್. ಒಮ್ಮೆ ಕನ್ನಡಕ ಮರೆತು ದಾವಣಗೆರೆ ಬಸ್ ಸ್ಟ್ಯಾಂಡಿಗೆ ಹೋಗಿ, ಹರಿಹರದ ಬದಲು ಚಿತ್ರದುರ್ಗದ ಬಸ್ಸಲ್ಲಿ ಕೂತಿದ್ದೆ. ಕೈಲಿದ್ದ ಮಂಡಕ್ಕಿ ಕಟ್ಟಿದ ಪೇಪರ್ ಓದಲು ಮಾತ್ರ ಏನೂ ತೊಂದರೆ ಇರಲಿಲ್ಲ.

ನಿಮ್ಮದು ಬಹುಶಃ ವಯಸ್ಸಿನದು ಅಲ್ವಾ? 40 ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಡುಸಾಗಿ, ಹತ್ತಿರದ್ದನ್ನು ನೋಡುವಾಗ ಮೊದಲಿನಷ್ಟು ಉಬ್ಬುವುದಿಲ್ಲ. ಆ ಕೊರತೆಯನ್ನು ಪ್ಲಸ್ ತುಂಬುತ್ತದೆ.

ಮಗಳ ಚೀಟಿಯಲ್ಲಿ ಸಿಲಿಂಡರ್ ನಂಬರೂ (ಒಂದು ದಿಕ್ಕಿಗೆ ಮಾತ್ರ ಬೇಕಾದ ಪವರ್) ಇದ್ದರೆ ಫ್ರೇಮ್ ಸೊಟ್ಟಗಾಗಲು ಬಿಡಬೇಡಿ. ಆ ಗಾಜಿಗೆ ಕೋನ ಮುಖ್ಯ.